ಬೇರೆಯವರ ಜಗಲಿಯಲ್ಲಿ ಅಂಗಡಿ: ಸೋಶಿಯಲ್ ಮೀಡಿಯಾಕ್ಕೆ ಆ್ಯಪ್ ಮಾಡುವವರ ಲೆಕ್ಕಾಚಾರ

ಜೀನ್ಸ್ ಪ್ಯಾಂಟ್ ಖರೀದಿಗೆ ನಾನು ವರ್ಷಕ್ಕೆ ಮೂರ್ನಾಲ್ಕು ಸಲ ಬಳ್ಳಾರಿ, ರಾಯದುರ್ಗ ಕಡೆ ಹೋಗುವುದುಂಟು. ರಾಯದುರ್ಗ ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿದ್ದು. ಬೋರ್ಡ್ ತೆಲುಗಿನಲ್ಲಿದ್ದರೂ ನನಗೆ ಮಾಲು ಕೊಡುವವರ ಮಾತು ಕನ್ನಡವೇ. ಕಳೆದ ಸಲ ಪರಿಚಯದ ಹೊಲಿಗೆ ಘಟಕದವರು ಬಿಡಲೇ ಇಲ್ಲ, ಗುಮ್ಮಘಟ್ಟದ ತಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಜಲಾಶಯ ಇರುವ ಮಂಡಲ ಅದು. ಅವರ ಮಗ ಬಿಸಿಎ ಮುಗಿಸಿ ಮನೆಯಲ್ಲಿದ್ದಾನೆ. ಊಟಕ್ಕೆ ಕೂತ ಕೂಡಲೇ ಶುರು ಮಾಡಿದ.

"ಅಣ್ಣಾ, ನೀವು ಬಿಕಾಂ ಓದೀರಿ. ಒಂದು ಆ್ಯಪ್ ಮಾಡಿದ್ರೆ ತಿಂಗಳಿಗೆ ಎಷ್ಟು ಬರ್ತೈತೆ ಹೇಳ್ರಿ?"

ಅವನ ಪ್ಲಾನ್ ಹೀಗೆ. ಒಂದು ದೊಡ್ಡ ಸೋಶಿಯಲ್ ಮೀಡಿಯಾದ ಪೋಸ್ಟ್‌ಗಳನ್ನೇ ಜಾಹೀರಾತಿಲ್ಲದೆ, ಕನ್ನಡ ಮತ್ತು ತೆಲುಗು ಮೆನುಗಳೊಂದಿಗೆ ಚೊಕ್ಕವಾಗಿ ತೋರಿಸುವ ಆ್ಯಪ್. ವರ್ಷಕ್ಕೆ 99 ರೂಪಾಯಿ ಚಂದಾ. ಲ್ಯಾಪ್‌ಟಾಪ್, ಸರ್ವರ್, ಡಿಸೈನ್ ಎಲ್ಲ ಸೇರಿ ಒಂದೂವರೆ ಲಕ್ಷ ಬೇಕು. ಅದು ಅಪ್ಪ ಹೊಸ ಹೊಲಿಗೆ ಮೆಷಿನ್‌ಗಳಿಗೆಂದು ತೆಗೆದಿಟ್ಟ ಹಣ. ಅಪ್ಪ ನನ್ನ ಮುಖ ನೋಡಿದರು. ನನಗೆ ಕೋಡಿಂಗ್ ಬಾರದು, ಆದರೆ ಲೆಕ್ಕ ಬರುತ್ತದೆ. "ಒಂದು ವಾರ ಟೈಮ್ ಕೊಡು" ಎಂದು ಹೇಳಿ ಬಂದೆ. ಊರಿಗೆ ಬಂದು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ಪ್ಲಾನ್ ಹಿಡಿದುಕೊಂಡ ಹುಡುಗರು ನಮ್ಮಲ್ಲೂ ಇದ್ದಾರೆ.

ಮೊದಲು, ಇಂಥ ಆ್ಯಪ್ ಕೆಲಸ ಮಾಡುವುದು ಹೇಗೆ? ಪೋಸ್ಟ್, ಫೋಟೊ, ಕಮೆಂಟ್ ಎಲ್ಲ ಇರುವುದು ಆ ದೊಡ್ಡ ಕಂಪೆನಿಯ ಗೋಡೌನಿನಲ್ಲಿ. ಹೊರಗಿನ ಡೆವಲಪರ್‌ಗೆ ಒಳಗೆ ಹೋಗಲು ಬಿಡುವುದಿಲ್ಲ, ಒಂದು ಕಿಟಕಿ ಇಟ್ಟಿರುತ್ತಾರೆ. ಆ ಕಿಟಕಿಗೆ ಎಪಿಐ ಎನ್ನುತ್ತಾರೆ. ನೀವು ಪರದೆಯನ್ನು ಕೆಳಗೆ ಎಳೆದಾಗಲೆಲ್ಲ ಆ್ಯಪ್ ಕಿಟಕಿಯಲ್ಲಿ ಒಂದು ಚೀಟಿ ಕೊಡುತ್ತದೆ, ಒಳಗಿನಿಂದ ಮಾಲು ಬರುತ್ತದೆ. ಚೀಟಿ ಯಾರದೆಂದು ತಿಳಿಯಲು ಪ್ರತಿ ಡೆವಲಪರ್‌ಗೂ ಒಂದು ಕೀ ಕೊಟ್ಟಿರುತ್ತಾರೆ. ಕೀ ರದ್ದಾದರೆ ಆ್ಯಪ್ ಫೋನಿನಲ್ಲೇ ಇರುತ್ತದೆ, ಒಳಗೆ ಏನೂ ಬರುವುದಿಲ್ಲ.

ಈ ವ್ಯಾಪಾರದಲ್ಲಿ ತುಂಬ ಹೆಸರು ಮಾಡಿದವರು ಕೆನಡಾದ ಕ್ರಿಶ್ಚಿಯನ್ ಸೆಲಿಗ್. ರೆಡ್ಡಿಟ್ ಎಂಬ ಚರ್ಚಾತಾಣವನ್ನು ಐಫೋನಿನಲ್ಲಿ ನೋಡಲು 2017ರಲ್ಲಿ ಅಪೋಲೊ ಎಂಬ ಆ್ಯಪ್ ಬಿಡುಗಡೆ ಮಾಡಿದರು. ಕಂಪೆನಿ ಇಲ್ಲ, ದೊಡ್ಡ ಆಫೀಸ್ ಇಲ್ಲ, ಬಹುಪಾಲು ಒಬ್ಬರದೇ ಕೆಲಸ. ರೆಡ್ಡಿಟ್‌ನ ಸ್ವಂತ ಆ್ಯಪ್‌ಗಿಂತ ಇದೇ ಚೆನ್ನಾಗಿದೆ ಎಂದು ಲಕ್ಷಾಂತರ ಜನ ಬಳಸಿದರು. ವರ್ಷಗಟ್ಟಲೆ ಕಿಟಕಿಯ ಮಾಲು ಪುಕ್ಕಟೆ ಸಿಗುತ್ತಿತ್ತು.

2023ರಲ್ಲಿ ರೆಡ್ಡಿಟ್ ದರಪಟ್ಟಿ ಹಾಕಿತು. ಸಾವಿರ ಚೀಟಿಗೆ 24 ಸೆಂಟ್. ಕೇಳಲು ಸಣ್ಣ ಮೊತ್ತ, ಅಲ್ವಾ? ನಾನು ಕ್ಯಾಲ್ಕುಲೇಟರ್ ಹಿಡಿದೆ. ಸೆಲಿಗ್ ಹೇಳಿದ ಪ್ರಕಾರ ಒಂದು ತಿಂಗಳಲ್ಲಿ ಅಪೋಲೊ ಕಳುಹಿಸಿದ ಚೀಟಿ 700 ಕೋಟಿ. ಅಂದರೆ ತಿಂಗಳಿಗೆ ಸುಮಾರು 17 ಲಕ್ಷ ಡಾಲರ್, ವರ್ಷಕ್ಕೆ 2 ಕೋಟಿ ಡಾಲರ್, ಆಗಿನ ದರದಲ್ಲಿ ನಮ್ಮ 160 ಕೋಟಿ ರೂಪಾಯಿಗೂ ಮೇಲೆ. ಒಬ್ಬ ಬಳಕೆದಾರ ದಿನಕ್ಕೆ ಸರಾಸರಿ 344 ಚೀಟಿ. ಒಬ್ಬರ ಮೇಲೆ ತಿಂಗಳಿಗೆ ಎರಡೂವರೆ ಡಾಲರ್, ಅಂದಾಜು 200 ರೂಪಾಯಿ, ಬರೀ ಮಾಲಿನ ಖರ್ಚು. ಗುಮ್ಮಘಟ್ಟದ ಹುಡುಗ ತೆಗೆದುಕೊಳ್ಳಲು ಹೊರಟದ್ದು ವರ್ಷಕ್ಕೆ 99!

ಪ್ರತಿಭಟನೆ ಆಯಿತು. ಜೂನ್ 12ರಿಂದ ಸಾವಿರಾರು ರೆಡ್ಡಿಟ್ ಗುಂಪುಗಳು ಬಾಗಿಲು ಹಾಕಿ ಕೂತವು. ಅಂಧರು ಬಳಸುವ ಕೆಲವು ಲಾಭರಹಿತ ಆ್ಯಪ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಜೂನ್ 30ಕ್ಕೆ ಅಪೋಲೊ ಮುಚ್ಚಿತು.

ಬಿಕಾಂ ಓದಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸುಮಾರು 50 ಸಾವಿರ ಜನ ವರ್ಷದ ಚಂದಾ ಮೊದಲೇ ಕೊಟ್ಟಿದ್ದರು. ಬ್ಯಾಂಕಿಗೆ ದುಡ್ಡು ಬಂದ ದಿನ ಅದು ಆದಾಯ ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕಶಾಸ್ತ್ರದಲ್ಲಿ ಅದು ಹಾಗಲ್ಲ. ಹನ್ನೆರಡು ತಿಂಗಳ ಸೇವೆ ಕೊಡುವ ತನಕ ಮುಂಗಡ ಹಣ ನಮ್ಮ ಮೇಲಿನ ಬಾಕಿ. ಅಪೋಲೊ ಮುಚ್ಚಿದಾಗ ಉಳಿದ ತಿಂಗಳುಗಳಿಗೆ ವಾಪಸ್ ಕೊಡಬೇಕಾದದ್ದು ಹತ್ತಿರ ಎರಡೂವರೆ ಲಕ್ಷ ಡಾಲರ್ ಎಂದು ಸೆಲಿಗ್ ಬರೆದಿದ್ದರು. "ನಮಗೆ ವಾಪಸ್ ಬೇಡ" ಎಂದು ಒತ್ತುವ ಒಂದು ಬಟನ್ ಕೂಡ ಆ್ಯಪಿನಲ್ಲಿ ಇಟ್ಟರು. ಚಂದಾ ಹಣದಲ್ಲಿ ಮದುವೆ, ಬೈಕ್ ಅಂತ ಮುಗಿಸಿದ್ದರೆ ಏನಾಗುತ್ತಿತ್ತು, ಯೋಚನೆ ಮಾಡಿ.

ರೆಡ್ಡಿಟ್ ದರವನ್ನಾದರೂ ಹೇಳಿತು. ಅದೇ ವರ್ಷ ಜನವರಿ 12ರಂದು ಟ್ವಿಟ್ಟರ್ ಮಾಡಿದ್ದು ಅದಕ್ಕಿಂತ ಕೆಟ್ಟದು. ಟ್ವೀಟ್‌ಬಾಟ್, ಟ್ವಿಟ್ಟರಿಫಿಕ್ ಮುಂತಾದ ಆ್ಯಪ್‌ಗಳು ಒಮ್ಮೆಲೇ ಬಂದ್. ನೋಟಿಸ್ ಇಲ್ಲ, ಫೋನ್ ಇಲ್ಲ. ಇಂಥ ಆ್ಯಪ್ ಮಾಡುವಂತಿಲ್ಲ ಎಂಬ ಸಾಲು ನಿಯಮ ಪುಸ್ತಕಕ್ಕೆ ಸೇರಿದ್ದು ಒಂದು ವಾರ ಕಳೆದ ಮೇಲೆ. ತಮಾಷೆ ಏನೆಂದರೆ, ಟ್ವಿಟ್ಟರಿಫಿಕ್ 2007ರದ್ದು, ಟ್ವಿಟ್ಟರ್‌ಗೆ ಹಕ್ಕಿಯ ಚಿತ್ರವನ್ನು ಮೊದಲು ಬಳಸಿದವರೇ ಅವರು. ಜಗಲಿಗೆ ಗಿರಾಕಿ ತಂದವನನ್ನೇ ಜಗಲಿಯಿಂದ ಇಳಿಸಿದ ಹಾಗೆ.

ನನಗೂ ಇದರ ಸಣ್ಣ ಅನುಭವ ಉಂಟು. ಒಂದು ಜಾಲತಾಣದಲ್ಲಿ ನಾಲ್ಕು ವರ್ಷ ಬೆಳೆಸಿದ ಅಂಗಡಿಯ ಪೇಜ್ ಒಂದು ಬೆಳಿಗ್ಗೆ ಲಾಕ್ ಆಗಿತ್ತು. ಹಬ್ಬಕ್ಕೆ ಹದಿನೈದು ದಿನ ಬಾಕಿ, ಗೋಡೌನ್ ತುಂಬ ಮಾಲು. ಮೇಲ್ ಮಾಡಿದರೆ ಯಂತ್ರದ ಉತ್ತರ. ಗಿರಾಕಿಗಳ ನಂಬರ್ ಪ್ರತ್ಯೇಕವಾಗಿ ಬರೆದಿಟ್ಟಿರಲಿಲ್ಲ, ಅದು ನನ್ನದೇ ತಪ್ಪು. ಈಗ ನೋಟ್‌ಬುಕ್ ಇಟ್ಟಿದ್ದೇನೆ, ಕಾಗದದ್ದು.

ಹಾಗಾದರೆ ಬೇರೆಯವರ ಕಿಟಕಿ ಬೇಡ, ನಾವೇ ಸೋಶಿಯಲ್ ಮೀಡಿಯಾ ಕಟ್ಟಿದರೆ? ಬೆಂಗಳೂರಿನ ಕೂ ಆ್ಯಪ್ ನೆನಪಿರಬಹುದು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಟ್ಕ 2020ರಲ್ಲಿ ಶುರು ಮಾಡಿದ್ದು, ಅದೂ ಮೊದಲು ಕನ್ನಡದಲ್ಲಿ. ದೊಡ್ಡ ಹೂಡಿಕೆದಾರರು ಬಂದರು, ಮಂತ್ರಿಗಳು ಖಾತೆ ತೆರೆದರು. ಆದರೂ 2024ರ ಜುಲೈಯಲ್ಲಿ ಮುಚ್ಚಬೇಕಾಯಿತು. ಸೋಶಿಯಲ್ ಮೀಡಿಯಾದಲ್ಲಿ ಕೋಡ್ ಸುಲಭದ ಭಾಗ. ಟಿಕ್‌ಟಾಕ್ ಬದಲಿಗೆ ಎಂದು 2020ರಲ್ಲಿ ಬಂದ ಮಿತ್ರೋಂ ಆ್ಯಪ್ ನೋಡಿ. ಅದರ ಮೂಲ ಕೋಡನ್ನು ಪಾಕಿಸ್ತಾನದ ಒಂದು ಸಂಸ್ಥೆ 34 ಡಾಲರ್‌ಗೆ ಮಾರಿತ್ತು ಎಂಬುದು ಆಗ ದೊಡ್ಡ ಸುದ್ದಿ. ಅಂಗಡಿಯ ಶೆಲ್ಫ್ ಎರಡೂವರೆ ಸಾವಿರಕ್ಕೆ ಸಿಗುತ್ತದೆ, ಗಿರಾಕಿ ಸಿಗುವುದಿಲ್ಲ. ಮೇಲಿಂದ ದಿನವೂ ಬೀಳುವ ವೀಡಿಯೊ ಇಡುವ ಸರ್ವರ್ ಬಾಡಿಗೆ, ಕೆಟ್ಟದ್ದನ್ನು ತೆಗೆಯುವ ಜನರ ಸಂಬಳ.

ಮೂರನೇ ಒಂದು ದಾರಿ ಉಂಟು, ಅದನ್ನು ಹಿಡಿಯಬೇಡಿ. ವಾಟ್ಸ್ಆ್ಯಪ್‌ನ್ನೇ ಬಿಚ್ಚಿ ಮಾರ್ಪಾಡು ಮಾಡಿದ ಜಿಬಿ ವಾಟ್ಸ್ಆ್ಯಪ್‌ನಂಥವು. ನಮ್ಮ ಹುಡುಗರ ಫೋನಿನಲ್ಲಿ, ಗಲ್ಫ್‌ನಲ್ಲಿರುವವರದ್ದರಲ್ಲೂ, ಇದನ್ನು ನೋಡಿದ್ದೇನೆ. ಇವು ಪ್ಲೇ ಸ್ಟೋರ್‌ನಲ್ಲಿ ಇಲ್ಲ, ಯಾರೋ ಕಳುಹಿಸಿದ ಫೈಲ್‌ನಿಂದ ಹಾಕಿಕೊಳ್ಳುವಂಥವು. ವಾಟ್ಸ್ಆ್ಯಪ್ ಇವನ್ನು ಒಪ್ಪುವುದಿಲ್ಲ, ಬಳಸಿದವರ ನಂಬರನ್ನೇ ನಿಷೇಧಿಸುತ್ತದೆ. ಮನೆಗೆ ಮಾತಾಡುವ ನಂಬರ್, ವ್ಯಾಪಾರದ ನಂಬರ್ ಎರಡೂ ಒಂದೇ ಆಗಿದ್ದರೆ ಮುಗಿಯಿತು.

ಖರ್ಚಿನ ವಿಷಯ ಬೇಗ ಹೇಳಿಬಿಡುತ್ತೇನೆ. ಗೂಗಲ್ ಪ್ಲೇಯಲ್ಲಿ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್, ಆಪಲ್‌ನಲ್ಲಿ ಪ್ರತಿ ವರ್ಷ 99 ಡಾಲರ್. ಗೂಗಲ್ 2021ರಿಂದ ಡೆವಲಪರ್‌ನ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಇಟ್ಟ ಕಮಿಷನ್ ನೂರಕ್ಕೆ 15. ಅಂದರೆ 99ರಲ್ಲಿ ಹದಿನೈದು ರೂಪಾಯಿ ಹತ್ತಿರ ಅಲ್ಲೇ ಹೋಯಿತು. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯವರು ಆ್ಯಪನ್ನು ಸಾರ್ವಜನಿಕರಿಗೆ ಬಿಡುವ ಮೊದಲು ಜನರಿಂದ ಪರೀಕ್ಷೆ ಮಾಡಿಸಬೇಕು. ಮೊದಲು 20 ಜನ ಬೇಕಿತ್ತು, ಈಗ 12 ಜನ, ಸತತ 14 ದಿನ. ಜನರ ಹೆಸರು, ನಂಬರ್ ತೆಗೆದುಕೊಂಡರೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯೂ ಉಂಟು. ಹದಿನೆಂಟು ತುಂಬದವರದ್ದಾದರೆ ತಂದೆತಾಯಿಯ ಒಪ್ಪಿಗೆ ಬೇಕು.

ಹಾಗಂತ ಒಬ್ಬಂಟಿ ಡೆವಲಪರ್‌ಗೆ ಕೆಲಸ ಇಲ್ಲ ಎಂದಲ್ಲ. ಮಂಗಳೂರು ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನೇ ಸರ್ಕಾರ ಮುಂದೆ ಒಪ್ಪಿಕೊಂಡದ್ದು. ಶೇಷಾದ್ರಿವಾಸು 1998ರಲ್ಲಿ ಬರಹ ತಂತ್ರಾಂಶ ಬಿಡುಗಡೆ ಮಾಡಿದಾಗ ಹಿಂದೆ ದೊಡ್ಡ ಕಂಪೆನಿ ಇರಲಿಲ್ಲ. ಇಬ್ಬರೂ ಬೇರೆಯವರ ಗೋಡೌನಿನ ಮಾಲನ್ನು ನಂಬಿ ಕೂತವರಲ್ಲ. ಕನ್ನಡ ಟೈಪ್ ಮಾಡಲು ದಾರಿ ಬೇಕಿತ್ತು, ಅದನ್ನು ಮಾಡಿದರು.

ವಾರದ ನಂತರ ಹುಡುಗನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಅವನಿಗೆ ಸಿಟ್ಟು ಬಂತು. "ನೀವು ವ್ಯಾಪಾರಿಗಳು ಬರೀ ಲುಕ್ಸಾನೇ ನೋಡ್ತೀರಿ ಅಣ್ಣಾ" ಎಂದ. ಹದಿನೈದು ದಿನ ಮಾತಿಲ್ಲ. ಮತ್ತೆ ಒಂದು ರಾತ್ರಿ ಅವನೇ ಫೋನ್ ಮಾಡಿದ. ಅಪ್ಪನ ಘಟಕದಲ್ಲಿ ಯಾವ ಟೈಲರ್ ಎಷ್ಟು ಪೀಸ್ ಹೊಲಿದ, ಎಷ್ಟು ಮುಂಗಡ ತಗೊಂಡ ಎಂಬ ಲೆಕ್ಕ ಇನ್ನೂ ಹರಿದ ಪುಸ್ತಕದಲ್ಲಿದೆ, ಶನಿವಾರ ಬಂದರೆ ಜಗಳ. ಆ ಲೆಕ್ಕ ಇಡುವ ಸಣ್ಣ ಆ್ಯಪ್ ಮಾಡಿದ್ದಾನೆ, ಕನ್ನಡ ಮತ್ತು ತೆಲುಗಿನಲ್ಲಿ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಖರ್ಚಾದದ್ದು ಆ 25 ಡಾಲರ್. ಲ್ಯಾಪ್‌ಟಾಪ್ ಗೆಳೆಯನದ್ದು. ಅಪ್ಪ ಎರಡು ಮೆಷಿನ್ ತಂದಾಯಿತು.

ಪರೀಕ್ಷೆಯ 12 ಜನರಲ್ಲಿ ನಾನೂ ಒಬ್ಬ. ಟೋಟಲ್ ಒತ್ತಿದರೆ ಮುಂಗಡ ಕಳೆಯುವ ಬದಲು ಕೂಡುತ್ತಿತ್ತು, ಮೊನ್ನೆ ಹೇಳಿದೆ, ಸರಿ ಮಾಡಿದ್ದಾನೆ. ಇವತ್ತಿಗೆ ಒಂಬತ್ತನೇ ದಿನ.