ಕಡೆದ ಕಂಬ, ಕೊರೆದ ಹೆಸರು

ಹಾನಗಲ್ಲಿನ ತಾರಕೇಶ್ವರ ಗುಡಿಯೊಳಗೆ ಕಾಲಿಟ್ಟವರೆಲ್ಲ ಮೊದಲು ಕತ್ತೆತ್ತುತ್ತಾರೆ. ತಪ್ಪಲ್ಲ. ಎಂಟು ಮೂಲೆಯ ಛತ್ತಿನಿಂದ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಅರಳಿ ಇಳಿದಿದೆ. ನೋಡದೆ ಇರುವುದು ಹೇಗೆ? ಕತ್ತು ನೋಯತೊಡಗಿದ ಮೇಲೆ ಕಣ್ಣನ್ನು ಪಕ್ಕದ ಕಂಬಕ್ಕೆ ಇಳಿಸಿ. ಕಸುಬಿನ ಗುಟ್ಟು ಇರುವುದು ಅಲ್ಲಿ.

ಬುಡ ಚೌಕ. ಅದರ ಮೇಲೆ ಗಂಟೆಯಂಥದ್ದು, ಕೊಡದಂಥದ್ದು, ತಟ್ಟೆಯಂಥದ್ದು. ನಡುನಡುವೆ ಬಳೆ ತೊಡಿಸಿದಂಥ ಗೀರುಗಳು. ಒಂದು ಗೀರಿನ ಮೇಲೆ ಕಣ್ಣಿಟ್ಟು ಕಂಬವನ್ನು ಸುತ್ತಿ ಬನ್ನಿ: ಎಲ್ಲಿಯೂ ಏರಿಲ್ಲ, ತಗ್ಗಿಲ್ಲ. ಕಂಬವನ್ನೇ ತಿರುಗಣಿಗೆ ಏರಿಸಿ, ಅದು ತಿರುಗುವಾಗ ಉಳಿ ಒತ್ತಿ ಹಿಡಿದು ತೆಗೆದ ಸುತ್ತು ಅದು. ಇಂಥ ಕಂಬಗಳನ್ನು ನೆಟ್ಟಗೆ ನಿಲ್ಲಿಸಿಯೇ ತಿರುಗಿಸುತ್ತಿದ್ದರೆಂದು ಬಲ್ಲವರ ಊಹೆ. ಮಜ್ಜಿಗೆ ಕಡೆಯುವುದಕ್ಕೂ ಮೂರ್ತಿ ಕಡೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಈ ಕಂಬಗಳ ಎದುರು ಆ ಎರಡು ಅರ್ಥ ಒಂದಾಗಿಬಿಡುತ್ತವೆ.

ಇದೆಲ್ಲ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಬಾದಾಮಿ, ಪಟ್ಟದಕಲ್ಲಿನವರು ಕೆಲಸ ಮಾಡಿದ್ದು ಮರಳುಗಲ್ಲಿನಲ್ಲಿ. ಅದರ ಕಣ ಉರುಟು, ಸಣ್ಣ ಕೆಲಸಕ್ಕೆ ಒಗ್ಗದು. 11ನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲಕ್ಕೆ, ಕಲ್ಲು ಬದಲಾಯಿತು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಹೊಸ ಕಲ್ಲಿನ ಮೊದಮೊದಲ ಗುಡಿಗಳಲ್ಲೊಂದು. ಗಣಿಯಿಂದ ತೆಗೆದ ಹೊಸತರಲ್ಲಿ ಬಳಪದ ಕಲ್ಲು ಮೆತ್ತಗೆ, ಚಾಣ ಹೇಳಿದಂತೆ ಕೇಳುತ್ತದೆ. ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಉಜ್ಜಿದರೆ ಕಪ್ಪು ಹೊಳಪು. ಮಬ್ಬು ಬೆಳಕಿನಲ್ಲಿ ಎಷ್ಟೋ ಸಲ ನನಗದು ಎರಕದ ಕಂಚೆಂದೇ ಕಂಡದ್ದುಂಟು.

ಕಂಚೆಂದಾಗ ನೆನಪಾಯಿತು. ಹಳೆಯ ಫ್ರೆಂಚ್ ಕಂಚಿನ ಪುಟ್ಟ ಮೂರ್ತಿ ಕೈಗೆ ಸಿಕ್ಕರೆ ಬಲ್ಲವರು ಮೊದಲು ನೋಡುವುದು ಪೀಠವನ್ನು. ಅಲ್ಲಿ ಶಿಲ್ಪಿಯ ಹೆಸರು, ಎಷ್ಟೋ ಸಲ ಎರಕದವನ ಹೆಸರೂ ಇರುತ್ತದೆ. ಸಿಂಹ, ಹುಲಿಗಳನ್ನು ಮಾಡಿ ಹೆಸರಾದ ಪ್ಯಾರಿಸ್ಸಿನ ಬಾರಿ ಎಂಬ ಶಿಲ್ಪಿ 1875ರಲ್ಲಿ ತೀರಿಕೊಂಡ. ಬಾರ್ಬೆಡಿಯೆನ್ ಎಂಬ ಎರಕದವನು ಅವನ ಅಚ್ಚುಗಳನ್ನು ಕೊಂಡು ಮುಂದೆಯೂ ಅವೇ ಮೂರ್ತಿಗಳನ್ನು ಎರೆದ. ಹೆಸರು ಒಂದೇ, ಪ್ರತಿಗಳು ಹಲವು.

ನಮ್ಮವರು ಹೆಸರು ಬರೆಯಲಿಲ್ಲ ಎನ್ನುವುದು ರೂಢಿಯ ಮಾತು, ಅದು ಪೂರ್ತಿ ನಿಜವಲ್ಲ. ಹಿರೇಕೆರೂರಿಗೆ ನೆರೆಯ ಶಿಕಾರಿಪುರ ತಾಲೂಕಿನಲ್ಲಿ ಬಳ್ಳಿಗಾವಿ ಇದೆ. ಆ ಊರಿನ ದಾಸೋಜ, ಅವನ ಮಗ ಚಾವಣ ಬೇಲೂರಿಗೆ ಹೋದರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಮದನಿಕೆಗಳೆಂಬ ಹೆಣ್ಣುಮೂರ್ತಿಗಳಲ್ಲಿ ಕೆಲವನ್ನು ಕಡೆದು, ಪೀಠದಲ್ಲಿ ಹೆಸರು ಕೊರೆದರು. ದಾಸೋಜ ತನ್ನ ಊರನ್ನೂ ಬಿಡಲಿಲ್ಲ. ಉಪಾಧ್ಯಾಯ ಎಂಬುದೇ ಸವೆದು ಓಜ ಆದದ್ದು, ಹೆಸರಿನಲ್ಲೇ ಗುರುವಿದ್ದಾನೆ. ಮದನಿಕೆಯ ತಲೆಯ ಮೇಲಿನ ಬಳ್ಳಿಯ ಹಿಂದಕ್ಕೆ ಚಾಣ ತೂರಿಸಿ, ಎಲೆಗೂ ಕಲ್ಲಿಗೂ ನಡುವೆ ಗಾಳಿಯಾಡುವಷ್ಟು ಕೊರೆದಿದ್ದಾರೆ. ಕಂಚಿನಲ್ಲಿ ಎರಕ ಕೆಟ್ಟರೆ ಕರಗಿಸಿ ಮತ್ತೆ ಎರೆಯಬಹುದು. ಇಲ್ಲಿ ಎಲೆ ಮುರಿದರೆ ಮುರಿದಂತೆಯೇ.

ಹಾನಗಲ್ಲಿನ ಕಮಲವನ್ನು ಅರಳಿಸಿದ್ದೂ ಇಂಥದೇ ಕಲ್ಲಿನಲ್ಲಿ ಪಳಗಿದ ಕೈಗಳು. ನನ್ನನ್ನು ಕೇಳಿದರೆ ಬೇಲೂರಿಗೆ ಹೊರಡುವ ಮೊದಲು ಆ ಕಮಲವನ್ನು ನೋಡಬೇಕು. ಹಾಗೆಯೇ ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯೊಳಗೂ ಇಳಿಯಿರಿ. ಅಲ್ಲಿನ ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಒಂದು ಟಾರ್ಚು ಜೊತೆಗಿರಲಿ. ಬೆಳಕನ್ನು ಕಂಬಕ್ಕೆ ಎದುರಿನಿಂದ ಬಿಡಬೇಡಿ, ಓರೆಯಾಗಿ ಹಿಡಿಯಿರಿ; ಗೀರುಗಳು ಕಾಣುವುದು ಆಗಲೇ.