ವ್ಲಾಡಿವೋಸ್ಟಾಕ್‌ನ ಜಪಾನಿ ಕಾರು ವ್ಯಾಪಾರ

ಜಪಾನಿಗೆ ಹೋಗಿ ಬಳಸಿದ ಕಾರುಗಳನ್ನು ಕೊಂಡು ಹಡಗಿನಲ್ಲಿ ತರುವ ವ್ಯಾಪಾರವು ರಷ್ಯಾದ ಪೂರ್ವ ಕರಾವಳಿಯ ಬಂದರು ನಗರ ವ್ಲಾಡಿವೋಸ್ಟಾಕ್‌ನಲ್ಲಿ 1980ರ ದಶಕದ ಕೊನೆಯಿಂದ ಬೆಳೆಯಿತು. ಇದಕ್ಕೆ ದಾರಿ ತೋರಿದವರು ನಾವಿಕರು. ತೊಯಾಮಾ, ನೀಗಾತಾ ಮುಂತಾದ ಬಂದರುಗಳಲ್ಲಿ ಇಳಿದು, ಕಾರನ್ನು ಕಣ್ಣಾರೆ ನೋಡಿ ಆರಿಸಿ, ಹಡಗಿನ ಡೆಕ್ಕಿನ ಮೇಲೆ ಕಟ್ಟಿ ತರುತ್ತಿದ್ದರು.

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ, ಬಳಿಕ ಎರಡು ವರ್ಷಗಳಿಗೊಮ್ಮೆ ದುಬಾರಿ ತಪಾಸಣೆ ಕಡ್ಡಾಯ. ಆದುದರಿಂದ ಚೆನ್ನಾಗಿ ಓಡುವ ಕಾರೂ ಅಲ್ಲಿ ಅಗ್ಗವಾಗಿ ಸಿಗುತ್ತದೆ. ತೊಡಕು ಇರುವುದು ಸ್ಟಿಯರಿಂಗ್‌ನಲ್ಲಿ: ಭಾರತದಂತೆ ಜಪಾನಿನಲ್ಲಿಯೂ ಅದು ಬಲಕ್ಕಿದೆ, ರಷ್ಯಾದ ಸಂಚಾರವಾದರೋ ರಸ್ತೆಯ ಬಲಬದಿಯಲ್ಲಿ. ಮುಂದಿನ ಲಾರಿಯನ್ನು ಹಿಂದಿಕ್ಕುವಾಗ ಎದುರಿನ ವಾಹನ ಚಾಲಕನಿಗೆ ಸುಲಭವಾಗಿ ಕಾಣದು. ಹಾಗಿದ್ದೂ ಜನರು ಇವನ್ನೇ ಮೆಚ್ಚಿದರು. ಮಾರಾಟ, ದುರಸ್ತಿ, ಸಾಗಣೆಗಳಿಂದ ಅನೇಕ ಕುಟುಂಬಗಳು ಜೀವನ ಸಾಗಿಸಿದವು.

ದೇಶೀಯ ಕಾರು ಉದ್ಯಮದ ರಕ್ಷಣೆಗೆಂದು ರಷ್ಯಾ ಸರ್ಕಾರವು 2009ರ ಜನವರಿಯಿಂದ ಆಮದು ಸುಂಕವನ್ನು ಏರಿಸಿತು. ಅದು ಜಾರಿಗೆ ಬರುವ ಮೊದಲೇ ವ್ಲಾಡಿವೋಸ್ಟಾಕ್‌ನ ಜನರು ಬೀದಿಗಿಳಿದರು. 2008ರ ಡಿಸೆಂಬರ್ 21ರಂದು ಮಾಸ್ಕೋ ಕಡೆಯಿಂದ ಕರೆಸಿದ ಪೊಲೀಸರು ಅವರನ್ನು ಬಲಪ್ರಯೋಗದಿಂದ ಚದುರಿಸಿದರು. ಸುಂಕ ಇಳಿಯಲಿಲ್ಲ, ವ್ಯಾಪಾರವೂ ಪೂರ್ತಿ ನಿಲ್ಲಲಿಲ್ಲ. ಉಕ್ರೇನ್ ಯುದ್ಧದ ನಿರ್ಬಂಧಗಳ ಅಂಗವಾಗಿ 2023ರ ಆಗಸ್ಟ್‌ನಲ್ಲಿ ಜಪಾನೇ 1,900 ಸಿಸಿ ಮೀರಿದ ಎಂಜಿನ್ನಿನ ಕಾರುಗಳನ್ನು ರಷ್ಯಾಕ್ಕೆ ಕಳುಹಿಸುವುದನ್ನು ನಿಷೇಧಿಸಿತು.