ಒಂದು ಜೊತೆ ಸ್ಪೀಕರು, ಎರಡು ವರ್ಧಕ: ಬದಲಿ ಸ್ವಿಚ್ಚಿನ ಆಯ್ಕೆ

ಬೆಂಗಳೂರಿನ ಹೊರವಲಯಕ್ಕೂ ವಿದ್ಯುನ್ಮಾನ ವಿದ್ಯೆಗೂ ಇರುವ ಸಂಬಂಧ ಹಳೆಯದು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಜಾಲಹಳ್ಳಿಯಲ್ಲಿ ನೆಲೆಗೊಂಡು, 1960ರ ದಶಕದ ಆರಂಭದಲ್ಲಿ ರೇಡಿಯೋ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್, ಮುಂದೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ನಿರ್ಮಿಸಿತು. ಇಂತಹ ನೆರೆಯಲ್ಲಿ ಸ್ಪೀಕರುಗಳನ್ನು ಸ್ವಹಸ್ತದಿಂದ ಕಟ್ಟಿಕೊಳ್ಳುವ ಹವ್ಯಾಸಿಗಳೂ ವಿದ್ಯಾರ್ಥಿಗಳೂ ಇರುವುದು ಸಹಜವೇ. ಅವರಲ್ಲಿ ಒಬ್ಬರ ಮನೆಯಲ್ಲಿ ಹಳೆಯ ವಾಲ್ವ್ ವರ್ಧಕವೊಂದು, ಎಸ್. ಪಿ. ರಸ್ತೆಯಿಂದ ತಂದ ಹೊಸ ವರ್ಧಕದ ಹಲಗೆಯೊಂದು ಇವೆಯೆಂದು ಭಾವಿಸೋಣ. ಸ್ಪೀಕರುಗಳಾದರೋ ಒಂದೇ ಜೊತೆ. ತಂತಿಗಳನ್ನು ಪ್ರತಿಸಾರಿಯೂ ಕಳಚದೆ, ಒಮ್ಮೆ ಅದನ್ನು ಒಮ್ಮೆ ಇದನ್ನು ಜೋಡಿಸಲು ಎಂತಹ ಸ್ವಿಚ್ಚು ಬೇಕು? ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸುತ್ತೇವೆ.

ಸಾಮಾನ್ಯವಾಗಿ ಇಂತಹ ಸ್ವಿಚ್ಚನ್ನು ಕೊಳ್ಳುವವರು ಅದರ ಮೇಲೆ ಬರೆದ ಆಂಪಿಯರ್ ಸಂಖ್ಯೆಯೊಂದನ್ನೇ ನೋಡುತ್ತಾರೆ. ಇದು ಸಾಲದು. ಬೆಸ್ಕಾಂ ವಿದ್ಯುತ್ತಿಗೂ ಜನರೇಟರಿಗೂ ನಡುವೆ ಹಾಕುವ ಚೇಂಜ್ ಓವರ್ ಸ್ವಿಚ್ಚನ್ನು ಓದುಗರು ನೋಡಿರಬಹುದು. ಅದರ ಮುಖ್ಯ ಧರ್ಮ ಒಂದನ್ನು ಜೋಡಿಸುವುದಷ್ಟೇ ಅಲ್ಲ. ಎರಡು ಮೂಲಗಳು ಎಂದಿಗೂ ಪರಸ್ಪರ ಸೇರದಂತೆ ತಡೆಯುವುದು. ಎರಡು ವರ್ಧಕಗಳ ನಡುವಣ ಸ್ವಿಚ್ಚಿನ ಧರ್ಮವೂ ಅದೇ.

ಎರಡು ವರ್ಧಕಗಳ ಹೊರದ್ವಾರಗಳು ಕ್ಷಣಕಾಲ ಕೂಡಿದರೆ ಏನಾಗುತ್ತದೆ? ಟ್ರಾನ್ಸಿಸ್ಟರ್ ವರ್ಧಕದ ಒಳರೋಧವು ಓಮಿನ ಅಲ್ಪಾಂಶ ಮಾತ್ರ. ಮೊದಲನೆಯದು 20 ವೋಲ್ಟನ್ನು ಕೊಡುತ್ತಿರುವಾಗ, ಮೌನವಾಗಿರುವ ಎರಡನೆಯದು ತನ್ನ ಹೊರದ್ವಾರವನ್ನು ಶೂನ್ಯದಲ್ಲಿಯೇ ಹಿಡಿದಿಡಲು ಯತ್ನಿಸುತ್ತದೆ. ಎರಡರ ಒಳರೋಧ ಸೇರಿ 0.2 ಓಮ್ ಎಂದು ಇಟ್ಟುಕೊಂಡರೂ, ಲೆಕ್ಕದ ಪ್ರಕಾರ 100 ಆಂಪಿಯರ್ ಹರಿಯಬೇಕಾಗುತ್ತದೆ. ಅಷ್ಟು ಪ್ರವಾಹವನ್ನು ಒದಗಿಸುವ ಶಕ್ತಿ ವರ್ಧಕಕ್ಕಿಲ್ಲ. ಆದರೆ ಆ ಯತ್ನದಲ್ಲಿಯೇ ಹೊರದ್ವಾರದ ಟ್ರಾನ್ಸಿಸ್ಟರುಗಳು ಸುಟ್ಟುಹೋಗಬಹುದು. ಆದಕಾರಣ ಮೊದಲ ನಿಯಮ: ಸ್ವಿಚ್ಚು ಹಳೆಯ ಸಂಪರ್ಕವನ್ನು ಪೂರ್ಣವಾಗಿ ಬಿಟ್ಟ ಮೇಲೆಯೇ ಹೊಸದನ್ನು ಹಿಡಿಯಬೇಕು. ಕೆಲವು ರೋಟರಿ ಸ್ವಿಚ್ಚುಗಳು ಇದಕ್ಕೆ ವಿರುದ್ಧವಾಗಿ, ಹೊಸದನ್ನು ಹಿಡಿದ ಅನಂತರ ಹಳೆಯದನ್ನು ಬಿಡುತ್ತವೆ. ಹೊರನೋಟಕ್ಕೆ ಎರಡೂ ಒಂದೇ ಬಗೆ.

ಎರಡನೆಯ ನಿಯಮವು ತಂತಿಗಳ ಸಂಖ್ಯೆಗೆ ಸಂಬಂಧಿಸಿದೆ. ಕಪ್ಪು ತಂತಿಗಳೆಲ್ಲವೂ ಭೂಸಂಪರ್ಕವೇ ಎಂದು ತಿಳಿದು ಅವನ್ನು ಒಂದುಗೂಡಿಸಿ, ಕೆಂಪು ತಂತಿಗಳನ್ನು ಮಾತ್ರ ಬದಲಿಸುವ ರೂಢಿಯಿದೆ. ಹಳೆಯ ವರ್ಧಕಗಳಲ್ಲಿ ಇದು ಅನೇಕ ವೇಳೆ ನಡೆಯುತ್ತದೆ. ಆದರೆ ಟಿಪಿಎ 3116ರಂತಹ ಬಿಲ್ಲೆಯುಳ್ಳ ಇಂದಿನ ಚಿಕ್ಕ ಹಲಗೆಗಳು ಸ್ಪೀಕರನ್ನು ಎರಡು ಕಡೆಯಿಂದಲೂ ನಡೆಸುತ್ತವೆ. ಅವುಗಳ ಕಪ್ಪು ತುದಿಯೂ ಸಜೀವವೇ. 24 ವೋಲ್ಟ್ ಪೂರೈಕೆಯಲ್ಲಿ ಎರಡು ತುದಿಗಳೂ ಸುಮಾರು 12 ವೋಲ್ಟಿನಲ್ಲಿ ನಿಂತಿರುತ್ತವೆ. ಅಂತಹ ತುದಿಯನ್ನು ಮತ್ತೊಂದು ವರ್ಧಕದ ನೆಲಕ್ಕೆ ಕೂಡಿಸಿದರೆ, ಎರಡಕ್ಕೂ ಸಂಗೀತವನ್ನು ತರುವ ಕೇಬಲ್ಲಿನ ನೆಲದ ಮೂಲಕ ಮಂಡಲ ಪೂರ್ಣಗೊಂಡು ಹಾನಿಯಾಗುತ್ತದೆ. ಆದುದರಿಂದ ಪ್ರತಿ ಸ್ಪೀಕರಿನ ಎರಡೂ ತಂತಿಗಳು ಬದಲಾಗಬೇಕು. ಎಡ ಬಲ ಸೇರಿ ನಾಲ್ಕು ತಂತಿ. ಎಂದರೆ ನಾಲ್ಕು ಪೋಲಿನ, ಎರಡು ಕಡೆಗೆ ತಿರುಗುವ ಸ್ವಿಚ್ಚೇ ಬೇಕು.

ಮೂರನೆಯದು ಪ್ರವಾಹದ ಲೆಕ್ಕ. 8 ಓಮಿನ ಸ್ಪೀಕರಿಗೆ 50 ವಾಟ್ ಕೊಡುವಾಗ 20 ವೋಲ್ಟ್, 2.5 ಆಂಪಿಯರ್, ಶಿಖರದಲ್ಲಿ ಸುಮಾರು 3.5 ಆಂಪಿಯರ್. ಇಷ್ಟಕ್ಕೆ 5 ಆಂಪಿಯರ್ ಸ್ವಿಚ್ಚು ಸಾಕೆನಿಸುತ್ತದೆ. ಆದರೆ ಆ ಬರಹವು ಪರ್ಯಾಯ ಪ್ರವಾಹಕ್ಕೆ ಸಂಬಂಧಿಸಿದ್ದು. ಪರ್ಯಾಯ ಪ್ರವಾಹವು ಪ್ರತಿ ಆವರ್ತದಲ್ಲಿ ಎರಡು ಬಾರಿ ಶೂನ್ಯಕ್ಕೆ ಬರುವುದರಿಂದ ಸಂಪರ್ಕದ ಕಿಡಿ ತಾನಾಗಿ ಆರುತ್ತದೆ. ಏಕಮುಖ ಪ್ರವಾಹಕ್ಕೆ ಅಂತಹ ಬಿಡುವಿಲ್ಲ. ವರ್ಧಕವೊಂದು ಕೆಟ್ಟು 35 ವೋಲ್ಟ್ ಏಕಮುಖ ವಿಭವವನ್ನು ಸ್ಪೀಕರಿಗೆ ಹಾಯಿಸಿದರೆ, 6 ಓಮಿನ ಸುರುಳಿಯಲ್ಲಿ ಸುಮಾರು 5.8 ಆಂಪಿಯರ್ ಹರಿದು 200 ವಾಟಿಗೂ ಮಿಕ್ಕ ಶಾಖ ಹುಟ್ಟುತ್ತದೆ. ಅದನ್ನು ಕಡಿಯಬೇಕಾದ ಸ್ವಿಚ್ಚಿನಲ್ಲಿ ಕಿಡಿಯು ಒಂದು ಸಂಪರ್ಕದಿಂದ ಇನ್ನೊಂದಕ್ಕೆ ಸೇತುವೆಯಾದರೆ ಎರಡನೆಯ ವರ್ಧಕವೂ ಅಪಾಯಕ್ಕೆ ಸಿಕ್ಕುತ್ತದೆ. ಆದ್ದರಿಂದ ಏಕಮುಖ ಪ್ರವಾಹದ ಮಿತಿಯನ್ನು ನೋಡಿಯೇ ಸ್ವಿಚ್ಚನ್ನು ಆರಿಸಬೇಕು. ನಡುವೆ ಎರಡನ್ನೂ ಬಿಡುವ ಶೂನ್ಯಸ್ಥಾನ ಇರುವುದು ಶ್ರೇಯಸ್ಕರ.

ಸಂಪರ್ಕದ ರೋಧದಿಂದ ಧ್ವನಿ ಕೆಡುವುದೆಂಬ ಭಯವು ಬಹುಮಟ್ಟಿಗೆ ಅತಿಶಯದ್ದು. ಒಂದೊಂದು ಸಂಪರ್ಕ 0.02 ಓಮ್ ಎಂದರೂ, ಎರಡು ಸೇರಿ 8 ಓಮಿನ ಇನ್ನೂರನೆಯ ಒಂದಂಶ. ಇದರಿಂದಾಗುವ ನಷ್ಟ 0.05 ಡೆಸಿಬೆಲ್ಲಿಗಿಂತ ಕಡಮೆ. ಅದು ಕಿವಿಗೆ ಎಟುಕದು. ಧೂಳು ಕೂತು ಸಡಿಲಗೊಂಡ ಸಂಪರ್ಕವಾದರೆ ಮಾತು ಬೇರೆ.

ಈ ಗುಣಗಳು ಕೂಡಿರುವ ವಸ್ತು ಧ್ವನಿಯಂತ್ರಗಳ ಅಂಗಡಿಗಿಂತ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಹೆಚ್ಚು ಪರಿಚಿತ. ಕಂಟ್ರೋಲ್ ಪ್ಯಾನೆಲುಗಳ ಬಾಗಿಲ ಮೇಲೆ ಕಾಣುವ, 1–0–2 ಗುರುತಿನ ನಾಲ್ಕು ಪೋಲಿನ ಕ್ಯಾಮ್ ಸ್ವಿಚ್ಚು ನಮ್ಮ ಕಾರ್ಯಕ್ಕೆ ಚೆನ್ನಾಗಿ ಒಪ್ಪುತ್ತದೆ. ನಾಲ್ಕು ಬದಲಿ ಸಂಪರ್ಕಗಳುಳ್ಳ ರಿಲೇಯನ್ನೂ ಬಳಸಬಹುದು. ಆದರೆ ಅದರಲ್ಲಿ ಶೂನ್ಯಸ್ಥಾನವಿಲ್ಲ, ವಿದ್ಯುತ್ತು ಹೋದೊಡನೆ ಸ್ಪೀಕರು ಒಂದು ನಿಶ್ಚಿತ ವರ್ಧಕಕ್ಕೆ ಮರಳುತ್ತದೆ ಎಂಬುದು ನೆನಪಿರಲಿ. ಎರಡು ಬೇರೆ ಬೇರೆ ರಿಲೇಗಳನ್ನು ಬಳಸಿದಲ್ಲಿ, ಒಂದರ ಸಂಪರ್ಕ ಅಂಟಿಕೊಂಡಾಗ ಇನ್ನೊಂದು ಮುಚ್ಚುವ ಅಪಾಯವುಂಟು.

ವಾಲ್ವ್ ವರ್ಧಕದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳತಕ್ಕದ್ದು. ಸ್ಪೀಕರಿಲ್ಲದೆ ಅದಕ್ಕೆ ಸಂಗೀತವನ್ನು ಹಾಯಿಸಿದರೆ ಹೊರದ್ವಾರದ ಟ್ರಾನ್ಸ್‌ಫಾರ್ಮರಿನಲ್ಲಿ ವಿಭವವು ಮಿತಿಮೀರಿ ಏರಿ ಅದರ ನಿರೋಧಕ ಹೊದಿಕೆ ಸೀಳಬಹುದು. ಆದ್ದರಿಂದ ಸ್ವಿಚ್ಚನ್ನು ತಿರುಗಿಸುವ ಮೊದಲು ಧ್ವನಿಯನ್ನು ಪೂರ್ಣ ಇಳಿಸಬೇಕು. ಸ್ಪೀಕರು ಅತ್ತ ಹೋದಾಗ ವಾಲ್ವ್ ವರ್ಧಕವನ್ನು ಆರಿಸಿಡಬೇಕು, ಇಲ್ಲವೆ ಹೆಚ್ಚಿನ ಸಂಪರ್ಕಗಳ ಮೂಲಕ ತಕ್ಕ ವಾಟಿನ 8 ಓಮ್ ರೋಧಕವನ್ನು ಅದಕ್ಕೆ ಜೋಡಿಸಬೇಕು.

ಕೊನೆಯದಾಗಿ, ಅಂಗಡಿಯವರ ಮಾತನ್ನಾಗಲಿ ಪೆಟ್ಟಿಗೆಯ ಬರಹವನ್ನಾಗಲಿ ನಂಬಿ ಕೂರದೆ ಮಲ್ಟಿಮೀಟರಿನಿಂದ ಪರೀಕ್ಷಿಸುವುದು ಉಚಿತ. ಯಾವ ತಂತಿಯನ್ನೂ ಜೋಡಿಸದ ಸ್ವಿಚ್ಚಿನಲ್ಲಿ, ಮೊದಲ ವರ್ಧಕದ ಕೆಂಪು ತಂತಿಗೆ ಮೀಸಲಾದ ತುದಿಗೂ ಎರಡನೆಯದರ ಕೆಂಪು ತುದಿಗೂ ಮೀಟರಿನ ಕಡ್ಡಿಗಳನ್ನಿಟ್ಟು, ಹಿಡಿಯನ್ನು ಅತಿ ನಿಧಾನವಾಗಿ ತಿರುಗಿಸಬೇಕು. ಯಾವ ಸ್ಥಾನದಲ್ಲಿಯೂ ಸದ್ದು ಬರಕೂಡದು. ನಾಲ್ಕು ಪೋಲುಗಳಲ್ಲಿಯೂ ಹೀಗೆಯೇ ನೋಡತಕ್ಕದ್ದು. ಐದು ನಿಮಿಷದ ಈ ಪರೀಕ್ಷೆಯಲ್ಲಿ ಗೆದ್ದ ಸ್ವಿಚ್ಚಿಗೆ ಮಾತ್ರ ಎರಡು ವರ್ಧಕಗಳ ಕ್ಷೇಮವನ್ನು ಒಪ್ಪಿಸಬಹುದೆಂದು ನಮ್ಮ ಅಭಿಪ್ರಾಯ.